ಉಡಿಯ ಐದು ಸೇಬು

ಕಾಳವ್ವನ ಮನೆಯಲ್ಲಿ ಮಗಳು ಆರತಿಯ ಚೊಚ್ಚಲ ಬಸುರಿನ ಕುಬಸಕ್ಕೆ ದಿನ ಗೊತ್ತಾದ ಕೂಡಲೇ ಕೆಲಸದ ಹಂಚಿಕೆಯೂ ಮುಗಿಯಿತು. ಹೋಳಿಗೆಯ ಹೂರಣ ರುಬ್ಬುವುದು ಸುಮಲತಾ. ಚಕ್ಕುಲಿ, ಕರ್ಚಿಕಾಯಿ ಕರಿಯುವುದು ಸುಮಲತಾ. ಗೋಪನಕೊಪ್ಪದ ಆ ಮನೆಯನ್ನು ಪಡಸಾಲೆಯಿಂದ ಹಿತ್ತಿಲವರೆಗೆ ತೊಳೆಯುವುದೂ ಸುಮಲತಾ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಸೆರಗಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಹಣ್ಣು ಹಾಕುವುದು ಮಾತ್ರ ಐದು ಮಂದಿ ಮುತ್ತೈದೆಯರು. ಆ ಐವರ ಹೆಸರು ಹೇಳುವಾಗ ಕಾಳವ್ವ ಸೊಸೆಯ ಮುಖ ನೋಡಲಿಲ್ಲ.

ಸುಮಲತಾಳೇ ಆ ಸೊಸೆ. ಗಂಡ ಶಿವಯೋಗೀಶ ನಾಲ್ಕು ವರ್ಷದ ಹಿಂದೆ ಬೈಕಿನಲ್ಲಿ ಹೋಗುವಾಗ ಲಾರಿಗೆ ಸಿಕ್ಕು ತೀರಿಕೊಂಡಿದ್ದ. ಅಂದಿನಿಂದ ಹಣೆಯಲ್ಲಿ ವಿಭೂತಿ ಒಂದೇ ಉಳಿಯಿತು, ಕೈಯಲ್ಲಿನ ಬಳೆ ಹೋದವು. ಆದರೆ ಆ ಕೈ ಮನೆಗೆ ಬೇಕಾಗಿತ್ತು. ರೊಟ್ಟಿ ಬಡಿಯಲು, ಮಾವನ ಕಾಳಿನ ಅಂಗಡಿಗೆ ಬುತ್ತಿ ಕಟ್ಟಲು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಲು ಎಲ್ಲಕ್ಕೂ ಆ ಕೈಯೇ ಬೇಕು. ಹಾಗಂತ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಒಮ್ಮೆ ಜಗಳ ಕಾಯ್ದು ತವರಿಗೆ ಹೋಗಬಹುದಿತ್ತು. ಮಾವ ಗುರುಸಿದ್ದಯ್ಯ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಒಂದು ತಾಸು ವಚನ ಓದುತ್ತಿದ್ದರು. ಮೇಲುಕೀಳಿಲ್ಲ, ಗಂಡುಹೆಣ್ಣಿಲ್ಲ, ಸೂತಕವಿಲ್ಲ ಎಂದು ಬಂದವರಿಗೆಲ್ಲ ಅರ್ಥ ಬಿಡಿಸಿ ಹೇಳುತ್ತಿದ್ದರು. ಒಳಗೆ ಅವರಿಗೆ ಚಹಾ ಸೋಸುತ್ತ ಸುಮಲತಾ ಅದನ್ನು ಕೇಳುತ್ತಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಅವಳಿಗೆ ಆಗೆಲ್ಲ ನಾಲಿಗೆಯ ತುದಿಗೆ ಬಂದು ಹೋಗುತ್ತಿತ್ತು.

ಕುಬಸದ ಕೆಲಸ ಎಷ್ಟಿದ್ದರೂ ಅವಳಿಗೆ ಬೇಸರವಿರಲಿಲ್ಲ, ಏಕೆಂದರೆ ಅದು ಆರತಿಯದು. ಸುಮಲತಾ ಮದುವೆಯಾಗಿ ಬಂದಾಗ ಈ ನಾದಿನಿ ಐದನೆಯ ಇಯತ್ತೆಯ ಹುಡುಗಿ, ತಲೆ ತುಂಬ ಹೇನು. ಆ ಹೇನು ಹೆಕ್ಕಿದ್ದು, ಎರಡು ಜಡೆ ಹಾಕಿದ್ದು, ಹುಡುಗಿ ಮೊದಲ ಸಲ ಮುಟ್ಟಾಗಿ ಹೆದರಿ ಅತ್ತಾಗ ಪಕ್ಕದಲ್ಲಿ ಮಲಗಿಸಿಕೊಂಡದ್ದು, ಕಾಲೇಜು ಬಿಡಿಸಬೇಡಿರೆಂದು ಮಾವನ ಮುಂದೆ ಹಟ ಹಿಡಿದದ್ದು ಈ ವೈನಿಯೇ. ಈಗ ಆರತಿ ಧಾರವಾಡದ ಸಪ್ತಾಪುರಕ್ಕೆ ಕೊಟ್ಟ ಹೆಣ್ಣು, ಗಂಡ ಲೆಕ್ಚರರ್. ಮೊದಲ ಬಸುರಿಗೆ ತವರಿಗೆ ಬಂದಿದ್ದಳು.

ಬಂದ ಮೂರನೆಯ ದಿನ ಟೀವಿಯಲ್ಲಿ ಯಾವುದೋ ಇಂಗ್ಲಿಷ್ ಅಡುಗೆಯ ಕಾರ್ಯಕ್ರಮ ನೋಡುತ್ತ ಕುಳಿತವಳು ಒಮ್ಮೆಲೇ ಕೂಗಿದಳು. "ವೈನೀ, ಲಗೂ ಬಾ! ಇಲ್ಲಿ ನೋಡ!"

ಪರದೆಯ ಮೇಲೆ ಒಬ್ಬಳು ಕಡ್ಡಿ ಚುಚ್ಚಿದ ಸೇಬುಹಣ್ಣನ್ನು ಕಂದು ಬಣ್ಣದ ಪಾಕದಲ್ಲಿ ಅದ್ದಿ ತೆಗೆಯುತ್ತಿದ್ದಳು. ಅದು ಆರಿದ ಮೇಲೆ ಕರಗಿದ ಚಾಕಲೇಟಿನಲ್ಲಿ ಮತ್ತೊಮ್ಮೆ ಅದ್ದಿದಳು. ಆರತಿಯ ಬಾಯಲ್ಲಿ ನೀರೂರುವುದು ಕಾಣುತ್ತಿತ್ತು.

"ನನಗ ಅದು ಬೇಕು. ಉಡ್ಯಾಗೂ ಅವs ಐದು ಸೇಬು ಹಾಕ್ರಿ. ಬಾಳಿಹಣ್ಣು ನೋಡಿದ್ರ ವಾಂತಿ ಬರತೈತಿ."

"ಬಸುರಿ ಬಯಸಿದ್ದು ಕೊಡಲಿಲ್ಲಂದ್ರ ಕೂಸಿನ ಕಿವಿ ಸೋರತಾವ," ಎಂದಳು ಕಾಳವ್ವ. "ಮಾಡಾಕ ಬರತೈತೇನ ಸುಮಾ ನಿನಗ?"

"ಪಾಕಾ ತಗಿಯೂದು ನನಗ ಯಾರೂ ಹೇಳಿಕೊಡೂದು ಬ್ಯಾಡ್ರಿ ಅತ್ತಿಯವರ," ಎಂದಳು ಸುಮಲತಾ. ಸಂಕ್ರಮಣಕ್ಕೆ ಓಣಿಗೆಲ್ಲ ಕುಸರೆಳ್ಳು ಮಾಡಿ ಹಂಚುವವಳು ಅವಳೇ. ಒಂದೊಂದು ಎಳ್ಳಿಗೂ ಸಕ್ಕರೆಯ ಮುಳ್ಳು ಮೂಡುವ ತನಕ ಕೆಂಡದ ಮುಂದೆ ತಾಸುಗಟ್ಟಲೆ ಕೂರುವ ತಾಳ್ಮೆ ಆ ಓಣಿಯಲ್ಲಿ ಮತ್ತೊಬ್ಬರಿಗೆ ಇರಲಿಲ್ಲ. ಆ ಧೈರ್ಯದ ಮೇಲೆಯೇ ಅವಳು ನಾಲ್ಕು ವರ್ಷದಿಂದ ಕೇಳದ ಒಂದು ಮಾತನ್ನು ಕೇಳಿಬಿಟ್ಟಳು. "ಅತ್ತಿಯವರ, ಆ ಐದು ಹಣ್ಣು ಆರತಿ ಉಡ್ಯಾಗ ನಾನs ಇಡ್ತೇನ್ರಿ. ಅಕ್ಕಿ, ಕೊಬ್ಬರಿ ಅವರೆಲ್ಲಾ ಹಾಕಲಿ. ಇದೊಂದು ನಾನು."

ಕಾಳವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಮೊದಲ ಮಾಡು, ಆಮ್ಯಾಲೆ ನೋಡೂಣು," ಎಂದಳು.

ಆರತಿ ವೈನಿಯ ಕೈ ಹಿಡಿದು, "ನೀನs ಇಡು ವೈನಿ. ನೀ ಇಟ್ರs ನನಗ ಸಮಾಧಾನ," ಎಂದಳು. ಸುಮಲತಾಗೆ ಅಷ್ಟು ಸಾಕಾಯಿತು.

ಮರುದಿನ ಅವಳು ದುರ್ಗದಬೈಲಿಗೆ ಹೋದಳು. ಒಂದು ಡಜನ್ ಸೇಬನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸಿದಳು. ಅಲ್ಲೇ ಒಳಓಣಿಯಲ್ಲಿ ಇಮಾಮಹುಸೇನನ ಬೇಕರಿ ಇತ್ತು. ಕೇಕಿಗೆ ಬಳಸುವ ಕಪ್ಪು ಚಾಕಲೇಟಿನ ಗಟ್ಟಿಯನ್ನು ಆ ಮುದುಕ ಕಾಗದದಲ್ಲಿ ಸುತ್ತಿಕೊಡುತ್ತ ಯಾತಕ್ಕೆಂದು ಕೇಳಿದ. ಹೇಳಿದಾಗ ಅವನಿಗೆ ಖುಷಿಯಾಯಿತು.

"ಅಕ್ಕಾರ, ಒಂದು ಮಾತು ನೆನಪಿಡ್ರಿ. ಸೇಬಿಗೆ ಮೇಣಾ ಸವರಿರ್ತಾರ. ಬಿಸಿನೀರಾಗ ತೊಳದು ಒಣಾ ಅರಿವೀಲೆ ಗಸಗಸ ತಿಕ್ಕ್ರಿ. ಒಮ್ಮೆ ಒರಸಿದ್ರಂದ್ರ ಆಮ್ಯಾಲೆ ನೀರು ಹತ್ತರ ಸುಳೀಬಾರ್ದು. ಪಾಕಕ್ಕೂ ನೀರು ಆಗೂದಿಲ್ಲ, ಚಾಕಲೇಟಿಗಂತೂ ಮೊದಲ ಆಗೂದಿಲ್ಲ."

"ತಿಳೀತು ಕಾಕಾ," ಎಂದು ಬಂದಳು. ತಿಳಿದದ್ದು ಅರ್ಧ ಮಾತ್ರ. ಹಣ್ಣು ತೊಳೆದಳು, ತಿಕ್ಕಿದಳು, ಕಡ್ಡಿ ಚುಚ್ಚಿದಳು. ಆದರೆ ಉಂಡೆ ಕಟ್ಟಿ ಕಟ್ಟಿ ಪಳಗಿದ ಕೈ, ಪಾಕದ ಮುಂದೆ ಕುಳಿತೊಡನೆ ಅಭ್ಯಾಸಬಲದಿಂದ ಅಂಗೈಗೆ ತುಪ್ಪ ಸವರಿಕೊಂಡಿತು. ಆ ಕೈಯಲ್ಲೇ ಒಂದೊಂದು ಹಣ್ಣನ್ನೂ ಸವರಿ ಹೊಳಪು ಮಾಡಿ ಪಾಕದಲ್ಲಿ ಅದ್ದಿದಳು. ಮೇಣದ ಬದಲು ತುಪ್ಪ ಹತ್ತಿದ ಹಣ್ಣಿನಿಂದ, ಲಾಡಿ ಬಿಗಿಯದ ಪರಕಾರದಂತೆ, ಪಾಕವೆಲ್ಲ ಸರ್ರನೆ ಜಾರಿ ತಾಟಿನಲ್ಲಿ ಬಿತ್ತು. ನಾಲ್ಕು ಹಣ್ಣು ಹಾಗೇ ಹೋದವು. ಬಾಗಿಲಲ್ಲಿ ನಿಂತ ಆರತಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸುಮಲತಾಳೂ ನಕ್ಕಳು. ಆ ಮನೆಯ ಅಡುಗೆಮನೆಯಲ್ಲಿ ಅಂಥ ನಗು ಕೇಳಿ ಬಹಳ ದಿನವಾಗಿತ್ತು.

ಕುಬಸದ ಹಿಂದಿನ ದಿನ ಮಧ್ಯಾಹ್ನ ಅವಳು ಮತ್ತೆ ಕುಳಿತಳು. ಈ ಸಲ ಕೈಯನ್ನು ಸೀಗೆಕಾಯಿಯಲ್ಲಿ ತೊಳೆದು ಒಣಗಿಸಿಕೊಂಡು ಬಂದಿದ್ದಳು. ದಪ್ಪ ತಳದ ಬೋಗುಣಿಯಲ್ಲಿ ಬರಿಯ ಸಕ್ಕರೆ ಹಾಕಿ, ನೀರಿಲ್ಲದೆ, ಸಣ್ಣ ಉರಿಯಲ್ಲಿ ಕರಗಿಸಿದಳು. ಸಕ್ಕರೆ ಮೊದಲು ಜೇನಿನ ಬಣ್ಣಕ್ಕೆ ಬಂತು, ಆಮೇಲೆ ತಾಮ್ರದ ಬಣ್ಣಕ್ಕೆ. ಇನ್ನೊಂದು ಗಳಿಗೆ ಬಿಟ್ಟರೆ ಕಹಿ ಎನ್ನುವಾಗ ಬೆಣ್ಣೆ ಹಾಕಿದಳು, ಎರಡು ದಿನ ಕೂಡಿಟ್ಟ ಕೆನೆ ಬಿಸಿ ಮಾಡಿ ಸುರಿದಳು. ಬುಸ್ಸೆಂದು ಉಕ್ಕಿದ್ದನ್ನು ತಿರುವಿ ತಿರುವಿ ಇಳಿಸಿದಳು. ಬಟ್ಟಲ ನೀರಿನಲ್ಲಿ ಒಂದು ಹನಿ ಬಿಟ್ಟು ಬೆರಳಲ್ಲಿ ಹಿಡಿದರೆ ಮೆತ್ತನೆಯ ಉಂಡೆಯಾಗಬೇಕು. ಶೇಂಗಾ ಉಂಡೆಗೆ ನೋಡುವ ಹಾಗೆಯೇ ನೋಡಿದಳು. ಆಯಿತು. ಹಣ್ಣು ಅದ್ದಿ, ಕಡ್ಡಿ ತಿರುಗಿಸಿ, ಬೆಣ್ಣೆ ಸವರಿದ ತಾಟಿನ ಮೇಲೆ ನಿಲ್ಲಿಸಿದಳು. ಉಡಿಗೆ ಐದು, ಮೇಲೊಂದು ಆರತಿಗೆ ತಿನ್ನಲು. ಮರುದಿನ ನಸುಕಿನಲ್ಲೇ ಎದ್ದು, ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕಲೇಟು ಕರಗಿಸಿ, ಅರ್ಧಮಟ್ಟಕ್ಕೆ ಅದ್ದಿ, ಸಂಕ್ರಮಣದಲ್ಲಿ ಉಳಿದ ಬಿಳಿ, ಗುಲಾಬಿ ಕುಸರೆಳ್ಳನ್ನು ಮೇಲೆ ಉದುರಿಸಿದಳು. ಟೀವಿಯವಳ ಸೇಬು ಇದರ ಮುಂದೆ ಏನೂ ಅಲ್ಲ ಎಂದು ಅವಳಿಗೇ ಅನಿಸಿತು.

ಕಾಳವ್ವನ ಅಕ್ಕ ಗುಡ್ಡವ್ವ ಕುಬಸಕ್ಕೆಂದು ನವಲಗುಂದದ ಕಡೆಯಿಂದ ಹಿಂದಿನ ಸಂಜೆಯೇ ಬಂದಿಳಿದಿದ್ದಳು. ಮದುವೆ, ಸೀಮಂತ ಎಲ್ಲೇ ಇರಲಿ, ಶಾಸ್ತ್ರದ ಹೊಣೆ ತನ್ನದೇ ಎಂದು ನಂಬಿದ ಹೆಂಗಸು. ಬೆಳಿಗ್ಗೆ ಅಡುಗೆಮನೆಗೆ ಬಂದವಳು ತಾಟು ನೋಡಿ ಕೇಳಿದಳು. "ಇವು ಏನು? ಯಾರು ಮಾಡಿದ್ದು?"

"ಉಡಿಗೆ, ಅಕ್ಕ. ನಮ್ಮ ಸುಮಾ ಮಾಡ್ಯಾಳ," ಎಂದಳು ಕಾಳವ್ವ, ದನಿ ತಗ್ಗಿಸಿ.

ಗುಡ್ಡವ್ವ ತುಟಿ ಓರೆ ಮಾಡಿ ಹೊರಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು ಎಂದು ಸುಮಲತಾ ನಂಬಿದ್ದೇ ತಪ್ಪಾಯಿತು. ಅಷ್ಟರಲ್ಲಿ ಸಪ್ತಾಪುರದಿಂದ ಆರತಿಯ ಅತ್ತೆ ರೇಣವ್ವ ಮತ್ತು ಅವರ ಕಡೆಯ ಹೆಂಗಸರು ಟೆಂಪೋದಲ್ಲಿ ಬಂದಿಳಿದರು. ಅವರಿಗೆಲ್ಲ ಚಹಾ ಕೊಟ್ಟು, ಸುಮಲತಾ ತನ್ನ ಕೋಣೆಗೆ ಹೋಗಿ ಪೆಟ್ಟಿಗೆಯ ತಳದಲ್ಲಿದ್ದ ನೇರಳೆ ಇಳಕಲ್ ಸೀರೆ ತೆಗೆದಳು. ನಾಲ್ಕು ವರ್ಷದಿಂದ ಮಡಿಕೆ ಬಿಚ್ಚದ ಸೀರೆ. ಅದನ್ನು ಉಟ್ಟು, ವಿಭೂತಿ ಹಚ್ಚಿಕೊಂಡು, ಸೆರಗು ಸರಿ ಮಾಡಿಕೊಂಡು ಹೊರಗೆ ಬಂದಾಗ ಬಚ್ಚಲಿನಿಂದ ನೀರು ಸುರಿಯುವ ಸದ್ದು ಕೇಳಿಸಿತು.

ಬಚ್ಚಲಲ್ಲಿ ಗುಡ್ಡವ್ವ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕಡ್ಡಿಗಳನ್ನು ಕಿತ್ತು ಮೂಲೆಗೆ ಎಸೆದಿದ್ದಳು. ಹಂಡೆಯ ಬಿಸಿನೀರು ತಂಬಿಗೆಯಿಂದ ಬೀಳುತ್ತಿತ್ತು, ಅವಳು ಐದು ಸೇಬನ್ನೂ ಎರಡೂ ಕೈಯಿಂದ ಉಜ್ಜುತ್ತಿದ್ದಳು. ಚಾಕಲೇಟು, ಪಾಕ, ಕುಸರೆಳ್ಳು ಎಲ್ಲ ಕಲಸಿ ಕಂದು ನೀರಾಗಿ ಮೋರಿಗೆ ಹರಿಯುತ್ತಿತ್ತು. ತಂಬಿಗೆ ಹಿಡಿದು ನೀರು ಹಾಕುತ್ತಿದ್ದವಳು ಕಾಳವ್ವ.

ಸುಮಲತಾಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. "ಏನ್ ಮಾಡಾಕತ್ತೀರಿ?"

"ಉಡಿಗೆ ಹಾಕೂದು ತೊಳದು ಹಾಕಬೇಕವ್ವಾ," ಎಂದಳು ಗುಡ್ಡವ್ವ, ಕೈ ನಿಲ್ಲಿಸದೆ. "ಅದರಾಗೂ ನಿನ್ನ ಕೈಯಾಂದು. ಚೊಚ್ಚಲ ಬಸುರಿ. ನಾಳೆ ಏನರ ಹೆಚ್ಚು ಕಮ್ಮಿ ಆದ್ರ ಯಾರು ಹೊಣಿ? ನಿನಗ ಬ್ಯಾಸರಾ ಆಗಬಾರ್ದು ಅಂತ ಹಣ್ಣು ಒಗೀಲಿಲ್ಲ ನೋಡು, ತೊಳದು ಅವನ್ನs ಹಾಕತೇವಿ."

"ಬ್ಯಾಸರಾ ಆಗಬಾರ್ದು ಅಂತ!" ಸುಮಲತಾಳ ದನಿ ತಾನೇ ಮೇಲೆ ಹೋಯಿತು. "ಒಲಿ ಮ್ಯಾಲಿನ ಹೂರಣಾನೂ ನನ್ನ ಕೈಯಾಂದs ಐತ್ರಿ ದೊಡ್ಡವ್ವಾರ. ಅದನ್ನೂ ತೊಳೀರಿ! ನಿನ್ನೆ ನೀವು ಉಂಡ ರೊಟ್ಟಿ ನಾನs ಬಡದಿದ್ದೆ. ಅದನ್ನ ತೊಳದು ಉಂಡ್ರೇನು?"

"ಹೊಟ್ಟಿಗೆ ಹೋಗೂದು ಬ್ಯಾರೆ, ಉಡಿಗೆ ಹೋಗೂದು ಬ್ಯಾರೆ."

ಎಷ್ಟು ಸಲೀಸಾಗಿ ಹೇಳಿದಳು! ಬೇಳೆ ಅಗ್ಗವಾಗಿದೆ, ಬೆಲ್ಲ ತುಟ್ಟಿಯಾಗಿದೆ ಎನ್ನುವಷ್ಟು ಸಲೀಸಾಗಿ. ಸುಮಲತಾ ಅತ್ತೆಯ ಕಡೆ ತಿರುಗಿದಳು. "ಅತ್ತಿಯವರ, ನೋಡೂಣು ಅಂದಿದ್ರಿ. ನೋಡೂದು ಅಂದ್ರ ಇದೇನ್ರಿ?"

ಕಾಳವ್ವ ತಂಬಿಗೆ ಹಿಡಿದೇ ಪಡಸಾಲೆಯ ಕಡೆ ನೋಡಿದಳು. "ಸುಮಾ, ದನಿ ಸಣ್ಣ ಮಾಡು. ಬೀಗರು ಬಂದಾರ. ನಾ ಏನ್ ಮಾಡ್ಲಿ, ಅಕ್ಕ ಹೇಳಿದ್ಲು…"

ಸದ್ದು ಕೇಳಿ ಮಾವ ಗುರುಸಿದ್ದಯ್ಯ ನಡುಮನೆಯ ಬಾಗಿಲಿಗೆ ಬಂದರು. ಬಚ್ಚಲ ನೆಲ ನೋಡಿದರು, ಬೋಳಾದ ಹಣ್ಣು ನೋಡಿದರು, ಸೊಸೆಯ ಮುಖ ನೋಡಿದರು. ಪಂಚೆಯ ಚುಂಗು ಎತ್ತಿಕೊಂಡು ತಿರುಗಿ ಹೋದರು.

ಸುಮಲತಾ ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಉಳಿದಿದ್ದ ಆರನೆಯ ಸೇಬು ತೆಗೆದುಕೊಂಡಳು. ಅದನ್ನು ಯಾರೂ ಮುಟ್ಟಿರಲಿಲ್ಲ. ಕಡ್ಡಿ ಹಿಡಿದು ನೇರವಾಗಿ ಪಡಸಾಲೆಗೆ ನಡೆದಳು. ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. ಮಣೆಯ ಮೇಲೆ ಹಸಿರು ಸೀರೆಯಲ್ಲಿ ಆರತಿ ಕುಳಿತಿದ್ದಳು. ಬಚ್ಚಲಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಆರತಿ, ಉಡಿ ಹಿಡಿ," ಎಂದಳು ಸುಮಲತಾ.

ಆರತಿಯ ಕೈ ಸೆರಗಿಗೆ ಹೋಯಿತು. ಎರಡೂ ತುದಿ ಹಿಡಿದು ಅರ್ಧ ಎತ್ತಿದಳು ಕೂಡ. ಅಷ್ಟರಲ್ಲಿ ಅವಳ ಕಣ್ಣು ಪಕ್ಕದ ಅತ್ತೆ ರೇಣವ್ವನ ಕಡೆ ಹೊರಳಿತು, ಅಲ್ಲಿಂದ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತ ತಾಯಿಯ ಕಡೆ. ಕಾಳವ್ವ ಮೆಲ್ಲಗೆ ತಲೆಯಲ್ಲಾಡಿಸಿದಳು. ಆರತಿ ಸೆರಗು ಬಿಟ್ಟಳು. ತಲೆ ತಗ್ಗಿಸಿ ಬಳೆ ಸರಿ ಮಾಡಿಕೊಳ್ಳತೊಡಗಿದಳು.

ಗುಡ್ಡವ್ವ ಅಂದದ್ದು ಸುಮಲತಾಳ ಮೈ ಉರಿಸಿತ್ತು. ಇದು ಎದೆ ಸುಟ್ಟಿತು. "ನಿನ್ನ ತಲ್ಯಾಗಿನ ಹೇನು ತಗಿಯೂ ಮುಂದ ಈ ಕೈ ಛಲೋ ಇತ್ತು," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಿನಗ ಜ್ವರಾ ಬಂದಾಗ ರಾತ್ರಿಯೆಲ್ಲಾ ತಣ್ಣೀರ ಅರಿವಿ ಹಾಕೂ ಮುಂದ ಛಲೋ ಇತ್ತು. ಗಂಡ ಸತ್ತದ್ದು ನನಗ. ಕೈ ಸತ್ತಿಲ್ಲ."

ಅವಳು ಸೇಬು ಹಿಡಿದುಕೊಂಡೇ ಒಳಗೆ ಹೋದಳು.

ಆಮೇಲೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ, ಕಡ್ಡಿ ಕಿತ್ತಲ್ಲಿ ತೂತು ಉಳಿದ ಐದು ಸೇಬು. ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಸುಮಲತಾ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಒಂದು ಕಡೆ ಹೂರಣ, ಇನ್ನೊಂದು ಕಡೆ ನಾದಿಟ್ಟ ಕಣಕ. ಕಣ್ಣಲ್ಲಿ ನೀರು ಬರಲಿ ಎಂದು ಕಾದಳು, ಬರಲಿಲ್ಲ. ಸಿಟ್ಟು ಅಷ್ಟಿತ್ತು.

ಕಾಳವ್ವ ಬಂದಳು. "ಸುಮಾ, ಎಲಿ ಹಾಕ್ಯಾರ. ಹೋಳಿಗಿ ಬೇಯಿಸಬೇಕಲ್ಲ."

"ಉಡಿ ತುಂಬಿದ ಕೈ ಐದು ಜೋಡಿ ಅದಾವಲ್ರಿ. ಅವಕ್ಕ ಹೇಳ್ರಿ."

"ಬೀಗರ ಮುಂದ ಮಾನ ಕಳೀಬ್ಯಾಡ."

"ಮಾನ ಬಚ್ಚಲದಾಗ ಹರದು ಹೋತ್ರಿ. ನೀವs ನೀರು ಹಾಕಿದ್ರಿ."

ಕಾಳವ್ವ ಹೊರಗೆ ಹೋಗಿ ಅಕ್ಕನಿಗೆ ಹೇಳಿದಳು. ಗುಡ್ಡವ್ವ ಸೆರಗು ಸಿಕ್ಕಿಸಿಕೊಂಡು ಬಂದು ತಾನೇ ಹಂಚಿನ ಮುಂದೆ ನಿಂತಳು. ಮೊದಲ ಹೋಳಿಗೆ ಹರಿದು ಹೂರಣ ಹೊರಬಿತ್ತು, ಎರಡನೆಯದು ಸೀದು ಕಪ್ಪಾಯಿತು, ಮೂರನೆಯದು ಹಂಚಿಗೇ ಅಂಟಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ಹಂಚು ಸರಿಯಿಲ್ಲ, ಗ್ಯಾಸು ಸರಿಯಿಲ್ಲ ಎಂದು ಬೈದಳು. ಸುಮಲತಾ ಕುಳಿತಲ್ಲಿಂದ ಕದಲಲಿಲ್ಲ. ಕೊನೆಗೆ ಗುಡ್ಡವ್ವ ಹರಿದ ಹೋಳಿಗೆಯನ್ನೇ ಹರಿವಾಣದಲ್ಲಿ ಹಾಕಿಕೊಂಡು ಪಡಸಾಲೆಗೆ ಹೋದಳು. ಬೀಗರು ಅದನ್ನೇ ಉಂಡರು.

ಪಂಕ್ತಿ ಇನ್ನೂ ನಡೆದಿರುವಾಗಲೇ ಬಳೆಯ ಸದ್ದು ಒಳಗೆ ಬಂತು. ಆರತಿ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕುಳಿತಳು, ವೈನಿಯ ಎದುರಿಗೆ. ಮಡಿಲಲ್ಲಿ ಕಟ್ಟಿದ ಉಡಿ ಬಿಚ್ಚಿ ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದಳು. ಅಕ್ಕಿಯ ಮೇಲೆ ಬೋಳು ಸೇಬುಗಳು ಉರುಳಾಡಿದವು.

"ಇಡು ವೈನಿ," ಎಂದಳು.

ಸುಮಲತಾ ಅವಳ ಮುಖವನ್ನೇ ನೋಡಿದಳು. "ಅಲ್ಲಿ ಯಾಕ ಹಿಡೀಲಿಲ್ಲ?"

"ಅವ್ವ ನೋಡಾಕತ್ತಿದ್ಲು. ನಮ್ಮ ಅತ್ತಿಯವರೂ ಇದ್ರು…"

"ಇಲ್ಲಿ ಯಾರೂ ನೋಡಾಕತ್ತಿಲ್ಲ. ಅದಕ್ಕ ಬಂದಿ."

ಆರತಿಯ ಕಣ್ಣಿಂದ ನೀರು ಇಳಿಯಿತು. ಸುಮಲತಾ ಆ ಸೆರಗನ್ನು ಮೆಲ್ಲಗೆ ಮಡಚಿ ಕೆಳಗಿಟ್ಟಳು. ಪಕ್ಕದಲ್ಲಿದ್ದ ಆರನೆಯ ಸೇಬನ್ನು ಅವಳ ಕೈಯಲ್ಲಿ ಕೊಟ್ಟಳು. "ತಿನ್ನು. ಬಯಕಿ ನಿಂದು, ಹೊಟ್ಟ್ಯಾಗಿನ ಕೂಸಿನ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಉಡಿ ಕದ್ದು ತುಂಬೂದಲ್ಲ. ಅದನ್ನ ನಾ ಮಾಡಾಂಗಿಲ್ಲ."

ಆರತಿ ಅಳುತ್ತಲೇ ಕಚ್ಚಿದಳು. ಚಾಕಲೇಟು ಚಟ್ಟೆಂದು ಮುರಿಯಿತು, ಪಾಕ ಎಳೆಯಾಗಿ ಗಲ್ಲಕ್ಕೆ ಅಂಟಿತು. ಎರಡನೆಯ ಸಲ ಕಚ್ಚಿದಳು, ಮೂರನೆಯ ಸಲ. ಅಳು ನಿಂತಿತು. ಹಸಿದ ಹುಡುಗಿಯಂತೆ ಗಬಗಬ ತಿನ್ನುತ್ತಿದ್ದಳು, ಅದನ್ನು ನೋಡುತ್ತ ಸುಮಲತಾಳ ಸಿಟ್ಟು ಇನ್ನೇನು ಕರಗುವುದರಲ್ಲಿತ್ತು.

"ಆರತೀ, ಎಲ್ಲೆ ಹ್ವಾದಿ?" ಎನ್ನುತ್ತ ಕಾಳವ್ವ ಬಾಗಿಲಿಗೆ ಬಂದಳು.

ಆರತಿ ಸೇಬನ್ನು ಬೆನ್ನ ಹಿಂದೆ ಒಯ್ದಳು. ತುಟಿಯ ಮೇಲೆ ಚಾಕಲೇಟು ಹಾಗೇ ಇತ್ತು.

"ಏನ್ ತಿನ್ನಾಕತ್ತಿ?"

"ಏನಿಲ್ಲವ್ವಾ," ಎಂದಳು ಆರತಿ.

ಸುಮಲತಾ ಎದ್ದಳು. ನಾದಿನಿಯ ಬೆನ್ನ ಹಿಂದೆ ಕೈ ಹಾಕಿ ಆ ಸೇಬನ್ನು ಕಸಿದುಕೊಂಡಳು. ಅತ್ತೆಯ ಎದುರಿಗೆ, ಒಂದು ಮಾರು ದೂರದಲ್ಲಿ ನಿಂತು, ಬಾಯಿ ತುಂಬ ಒಂದು ತುಂಡು ಕಚ್ಚಿದಳು. ಅವಸರ ಮಾಡದೆ ಅಗಿದಳು. ಪಡಸಾಲೆಯಲ್ಲಿ ಉಣ್ಣುತ್ತಿದ್ದವರೂ ಕೈ ನಿಲ್ಲಿಸಿ ಇತ್ತ ನೋಡುತ್ತಿದ್ದರು. ನುಂಗಿದ ಮೇಲೆ ಹೇಳಿದಳು.

"ಇದನ್ನ ನಾ ಮಾಡಿದ್ದು. ಛಲೋ ಆಗೈತಿ."